ಚಳಿಗಾಲದಲ್ಲಿ ಹೂಗಿಡಗಳ ಆರೈಕೆ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ಡಿಸೆಂಬರ್ ತಿಂಗಳಲ್ಲಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ, 2004ರ ಬ್ಯಾಚಿನ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಇರುವ ಅವಕಾಶಗಳ ಬಗ್ಗೆ ಮಾತಾಡಬೇಕೆಂದು ಸಮಿತಿಯವರು ನನಗೆ ಹೇಳಿದ್ದರು. ಆ ವಿಷಯವನ್ನು ನನಗಿಂತ ಮುಂಚೆ ಮಾತಾಡಿದ ಇಬ್ಬರು ಗೆಳೆಯರು ಚೆನ್ನಾಗಿ ಹೇಳಿದ್ದಾರೆ. ಇವತ್ತು ಮುಂಜಾನೆ ಶಾಲೆಯ ಐವತ್ತು ವರ್ಷದ ನೆನಪಿಗೆ ಅಂಗಳದಲ್ಲಿ 50 ಹೂಗಿಡ ನೆಟ್ಟೆವು. ಗುಂಡು ಮಲ್ಲಿಗೆ 15, ದಾಸವಾಳ 10, ಗುಲಾಬಿ 10, ನಂದಿಬಟ್ಟಲು 10, ದೇವಕಣಗಿಲ 5. ಫೋಟೋ ತೆಗೆದದ್ದಾಯಿತು, ಚಪ್ಪಾಳೆಯೂ ಆಯಿತು. ಈ ಗಿಡಗಳು ಮುಂದಿನ ಡಿಸೆಂಬರ್‌ನಲ್ಲಿ ಇರುತ್ತವೆಯೇ ಎಂಬುದೇ ನನ್ನ ಮಾತಿನ ವಿಷಯ. ಅದಕ್ಕೆ ಮುಖ್ಯೋಪಾಧ್ಯಾಯರ ಅಪ್ಪಣೆ ಕೇಳಿದ್ದೇನೆ, ಕೊಟ್ಟಿದ್ದಾರೆ.

ವನಮಹೋತ್ಸವದ ಬಗ್ಗೆ ಒಂದು ಹಳೆಯ ತಮಾಷೆ ನಿಮಗೆಲ್ಲ ಗೊತ್ತಿದೆ: ಪ್ರತಿ ವರ್ಷ ಸಸಿ ಹೊಸದು, ತಗ್ಗು ಮಾತ್ರ ಹಳೆಯದು. ನಮ್ಮ ಉದ್ಯೋಗದಲ್ಲೂ ಇದೇ ಕಥೆ. ಹೊಸ ತಂತ್ರಾಂಶವನ್ನು ಬಿಡುಗಡೆ ಮಾಡುವ ದಿನ ಕೇಕ್ ಕತ್ತರಿಸುತ್ತಾರೆ. ಅದನ್ನು ಐದು ವರ್ಷ ಕೆಡದಂತೆ ನಡೆಸಿಕೊಂಡು ಹೋಗುವವರ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ಗಿಡಕ್ಕೂ ಹಾಗೆಯೇ. ನೆಡುವುದು ಒಂದು ದಿನದ ಕೆಲಸ, ಉಳಿಸುವುದು ವರ್ಷದ ಕೆಲಸ. ಆ ವರ್ಷದ ಕೆಲಸದಲ್ಲಿ ಯಾರ ಕಣ್ಣಿಗೂ ಬೀಳದ ಭಾಗವೆಂದರೆ ಚಳಿಗಾಲ.

ಬಿ.ಇ. ಓದಿದವನಿಗೆ ಹೂಗಿಡದ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ನಾನು ಓದಿದ್ದೇ ಮಲ್ಲಿಗೆಯ ದುಡ್ಡಿನಲ್ಲಿ. ನಮ್ಮ ಮನೆಯ ಹಿತ್ತಲಲ್ಲಿ 18 ಮಲ್ಲಿಗೆ ಗಿಡಗಳಿದ್ದವು. ಅವ್ವ ನಸುಕಿನಲ್ಲಿ ಮೊಗ್ಗು ಬಿಡಿಸಿ, ಕಟ್ಟಿ, ಬುಟ್ಟಿಗೆ ಹಸಿ ಬಟ್ಟೆ ಮುಚ್ಚಿ ಬಸ್‌ಸ್ಟ್ಯಾಂಡಿಗೆ ಒಯ್ದು ಮೊಳದ ಲೆಕ್ಕದಲ್ಲಿ ಮಾರುತ್ತಿದ್ದಳು. ಶಿವರಾತ್ರಿಯಿಂದ ಮಳೆಗಾಲದವರೆಗೆ ಕೈಯಲ್ಲಿ ನಾಲ್ಕು ಕಾಸು ಆಡುತ್ತಿತ್ತು. ದೀಪಾವಳಿ ಕಳೆದರೆ ಹೂ ಇಲ್ಲ. ಪೇಟೆಯಲ್ಲಿ ಮಲ್ಲಿಗೆಯ ದರ ಏರುವುದೂ ಆಗಲೇ, ನಮ್ಮ ಗಿಡ ಬರಿದಾಗಿರುವುದೂ ಆಗಲೇ. ಆ ತಿಂಗಳುಗಳಲ್ಲಿ ಅವ್ವ ಕಳೆ ತೆಗೆಯುವ ಕೂಲಿಗೆ ಹೋಗಿ, ಸಂಜೆ ಬಂದು, ಒಂದು ಹೂವೂ ಕೊಡದ ಆ ಗಿಡಗಳ ಬುಡದಲ್ಲೇ ಕುಳಿತಿರುತ್ತಿದ್ದಳು. ಇಂದು ಅವ್ವ ಇಲ್ಲೇ ಹೆಣ್ಣುಮಕ್ಕಳ ಸಾಲಿನಲ್ಲಿ ಕುಳಿತಿದ್ದಾಳೆ. ನಾನು ಹೇಳುವುದರಲ್ಲಿ ಹೆಚ್ಚು ಕಡಿಮೆಯಾದರೆ ತಿದ್ದಲು ಅವಳಿಗೆ ಪೂರ್ಣ ಅಧಿಕಾರವಿದೆ.

ಮೊದಲು ಚಳಿಗಾಲ ಎಂದರೆ ಗಿಡಕ್ಕೆ ಏನು ಎಂಬುದನ್ನು ನೋಡೋಣ. ನಮ್ಮಲ್ಲಿ ಹಿಮ ಬೀಳುವುದಿಲ್ಲ. ಕಾಶ್ಮೀರದವರ ಹಾಗೆ ಗಿಡಕ್ಕೆ ಹುಲ್ಲಿನ ಅಂಗಿ ತೊಡಿಸಬೇಕಿಲ್ಲ. ಆದರೂ ಡಿಸೆಂಬರ್, ಜನವರಿಯಲ್ಲಿ ರಾತ್ರಿಯ ಉಷ್ಣತೆ 12-14 ಡಿಗ್ರಿಗೆ ಇಳಿಯುತ್ತದೆ, ಕೆಲವು ದಿನ ಅದಕ್ಕಿಂತಲೂ ಕೆಳಗೆ ಹೋಗುತ್ತದೆ. ಹಗಲು ಬಿಸಿಲು ಮಾತ್ರ ಚುರುಕಾಗಿಯೇ ಇರುತ್ತದೆ. ಹಿಂಗಾರಿ ಮಳೆ ನಿಂತಿರುತ್ತದೆ, ಮೂಡಲ ಗಾಳಿ ಒಣಗಿಸುತ್ತಿರುತ್ತದೆ. ಜೂನ್‌ನಲ್ಲಿ ಸುಮಾರು 13 ಗಂಟೆ ಇದ್ದ ಹಗಲು ಡಿಸೆಂಬರ್‌ನಲ್ಲಿ 11 ಗಂಟೆಗೆ ಇಳಿದಿರುತ್ತದೆ. ಗಿಡ ಈ ಎಲ್ಲವನ್ನೂ ಅಳೆಯುತ್ತದೆ.

ಹಗಲಿನ ಉದ್ದವನ್ನು ಗಿಡ ಅಳೆಯುತ್ತದೆ ಎಂಬುದು ಪತ್ತೆಯಾದದ್ದು ತಂಬಾಕಿನ ಗಿಡದಿಂದ. ನಿಪ್ಪಾಣಿಯ ನೆರೆಯವರಾದ ನಮಗೆ ತಂಬಾಕು ಹೊಸದಲ್ಲ. ಅಮೆರಿಕದಲ್ಲಿ ಗಾರ್ನರ್ ಮತ್ತು ಅಲಾರ್ಡ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ತಂಬಾಕಿನ ತಳಿ ಬೇಸಿಗೆಯಲ್ಲಿ ಆಳೆತ್ತರ ಬೆಳೆದರೂ ಹೂ ಬಿಡದೆ, ಹಗಲು ಗಿಡ್ಡದಾದಾಗ ಮಾತ್ರ ಹೂ ಬಿಡುವುದನ್ನು ಕಂಡು, ಕತ್ತಲು ಕೋಣೆಯಲ್ಲಿಟ್ಟು ಪರೀಕ್ಷೆ ಮಾಡಿ 1920ರಲ್ಲಿ ಪ್ರಕಟಿಸಿದರು. ನಮ್ಮ ಸೇವಂತಿಗೆಯೂ ಇದೇ ಜಾತಿಯದು, ರಾತ್ರಿ ದೀರ್ಘವಾದಾಗ ಮೊಗ್ಗು ಹಿಡಿಯುತ್ತದೆ. ನಡುರಾತ್ರಿ ದೀಪ ಹಚ್ಚಿದರೆ ಅದಕ್ಕೆ ಇನ್ನೂ ಹೊತ್ತು ಮುಳುಗಿಲ್ಲವೆಂದೇ ಲೆಕ್ಕ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಹೂಬೆಳೆಗಾರರು ರಾತ್ರಿ ಹೊಲದಲ್ಲಿ ಬಲ್ಬು ಉರಿಸಿ ಸೇವಂತಿಗೆಯ ಹೂವನ್ನು ಬೇಕೆಂದೇ ಹಿಂದೆ ಹಾಕುತ್ತಾರೆ. ಹಾಗಾಗಿ ಶಾಲೆಯ ಗೇಟಿನ ಹತ್ತಿರ ಹೊಸದಾಗಿ ಹಾಕಿರುವ ದೊಡ್ಡ ದೀಪದ ಕೆಳಗೆ ಸೇವಂತಿಗೆಯ ಕುಂಡಗಳನ್ನು ಇಡಬೇಡಿ. ಇಟ್ಟು, ಹೂ ಯಾಕೆ ಬರಲಿಲ್ಲ ಎಂದು ಗೊಬ್ಬರದ ಅಂಗಡಿಗೆ ಓಡಬೇಡಿ.

ಈಗ ಒಂದೊಂದೇ ಗಿಡಕ್ಕೆ ಬರೋಣ. ಮೊದಲು ಮಲ್ಲಿಗೆ.

ಗುಂಡು ಮಲ್ಲಿಗೆಯ ಹೂ ಬರುವುದು ಹಳೆಯ ಕಡ್ಡಿಯ ಮೇಲಲ್ಲ, ಹೊಸ ಚಿಗುರಿನ ಮೇಲೆ. ಇದೊಂದು ಮಾತು ನೆನಪಿದ್ದರೆ ಉಳಿದದ್ದು ತಾನೇ ತಿಳಿಯುತ್ತದೆ. ಚಿಗುರು ಬೇಕಾದರೆ ಹಳೆಯದನ್ನು ಕತ್ತರಿಸಬೇಕು. ಪುಸ್ತಕದಲ್ಲಿ ಇದಕ್ಕೆ ಸವರುವುದು ಎನ್ನುತ್ತಾರೆ, ಅಥಣಿಯ ಕಡೆ ದ್ರಾಕ್ಷಿ ಬೆಳೆಯುವವರು ಚಾಟ್ನಿ ಎನ್ನುತ್ತಾರೆ. ಯಾವಾಗ ಮಾಡಬೇಕು ಎಂದು ಕೇಳಿದರೆ ಅವ್ವನ ಪಂಚಾಂಗ ಹೀಗಿದೆ: "ಛಟ್ಟಿ ಅಮಾಸಿಗಿ ನೀರು ನಿಲ್ಲಸೂದು, ಎಳ್ಳ ಅಮಾಸಿ ಒಳಗ ಕತ್ತರಿ ಹಾಕೂದು, ಶಿವರಾತ್ರಿಗಿ ಮೊಗ್ಗಿ ನೋಡೂದು." ತೋಟಗಾರಿಕೆಯವರು ಹೇಳುವುದೂ ಹೆಚ್ಚು ಕಡಿಮೆ ಇದನ್ನೇ, ನವೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ.

ನೀರು ನಿಲ್ಲಿಸುವುದು ಯಾಕೆ? ಚಿಕ್ಕವನಿದ್ದಾಗ ನಾನೂ ಕೇಳಿದ್ದೆ. "ಯಾಕೋ ತಮ್ಮಾ, ಗಿಡಕ್ಕ ನಿದ್ದಿ ಬ್ಯಾಡೇನು?" ಎಂದಿದ್ದಳು. ಹತ್ತು ಹದಿನೈದು ದಿನ ನೀರು ತಡೆದರೆ ಬೆಳವಣಿಗೆ ನಿಲ್ಲುತ್ತದೆ, ಎಲೆ ಹಣ್ಣಾಗಿ ಉದುರುತ್ತದೆ, ಗಿಡ ತನ್ನ ಶಕ್ತಿಯನ್ನು ಕಾಂಡ ಮತ್ತು ಬೇರಿನಲ್ಲಿ ಕೂಡಿಟ್ಟುಕೊಳ್ಳುತ್ತದೆ. ಎರಿ ಮಣ್ಣಿನಲ್ಲಿ ಹಸಿ ಬಹಳ ದಿನ ಇರುವುದರಿಂದ ಇನ್ನೊಂದು ವಾರ ಮುಂಚೆಯೇ ನಿಲ್ಲಿಸಬೇಕು. ಮಸಾರಿಯಲ್ಲಿ ಬೇಗ ಒಣಗುತ್ತದೆ. ಕುಂಡದಲ್ಲಿದ್ದರೆ ಪೂರ್ತಿ ನಿಲ್ಲಿಸುವ ಹಾಗಿಲ್ಲ, ವಾರಕ್ಕೊಮ್ಮೆ ಒಂದು ಚಂಬು ಹಾಕಬೇಕು.

ಆಮೇಲೆ ನೆಲದಿಂದ ಒಂದೂವರೆ ಅಡಿ ಎತ್ತರ ಬಿಟ್ಟು ಉಳಿದದ್ದನ್ನು ಕತ್ತರಿಸುವುದು. ಒಣಗಿದ ಕಡ್ಡಿ, ರೋಗ ಹಿಡಿದ ಕಡ್ಡಿ, ಒಂದರ ಮೇಲೊಂದು ಹಾಯ್ದು ತಿಕ್ಕಾಡುವ ಕಡ್ಡಿ ಇವನ್ನು ಬುಡದಿಂದಲೇ ತೆಗೆಯುವುದು. ಗಿಡದ ನಡುವೆ ಗಾಳಿ, ಬೆಳಕು ಆಡಬೇಕು. ಕುಡುಗೋಲಿನಿಂದ ಕೊಚ್ಚಿದರೆ ಕಡ್ಡಿ ಸೀಳುತ್ತದೆ, ಸೀಳಿದಲ್ಲಿ ಕೊಳೆ ಸೇರುತ್ತದೆ. ಹರಿತವಾದ ಕತ್ತರಿಯೇ ಬೇಕು. ದಪ್ಪ ಕಡ್ಡಿಯ ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಬೇಕು. ಫ್ರಾನ್ಸ್ ದೇಶದ ಬೋರ್ಡೋ ಸೀಮೆಯಲ್ಲಿ 1885ರ ಹೊತ್ತಿಗೆ ದ್ರಾಕ್ಷಿಯ ರೋಗಕ್ಕೆ ಕಂಡುಹಿಡಿದ ಔಷಧಿ ಇದು. ಮೈಲುತುತ್ತ ಒಂದು ಪಾಲು, ಸುಟ್ಟ ಸುಣ್ಣ ಒಂದು ಪಾಲು, ನೀರು ಹತ್ತು ಪಾಲು. ಮೈಲುತುತ್ತವನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬಾರದು, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕರಗಿಸಬೇಕು.

ಕತ್ತರಿಸಿದ ಮೇಲೆ ಬುಡ ಸಡಿಲಿಸಿ, ಗಿಡಕ್ಕೊಂದು ಬುಟ್ಟಿ ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ ಕೊಟ್ಟು ಹಗುರಾಗಿ ನೀರು ಬಿಡುವುದು. ಹಸಿ ಸಗಣಿ ಹಾಕಬೇಡಿ. ಅದು ಬುಡದಲ್ಲೇ ಕಾವೇರಿ ಬೇರು ಸುಡುತ್ತದೆ, ಗೊಣ್ಣೆಹುಳವನ್ನೂ ಕರೆಯುತ್ತದೆ. ಚಿಗುರು ಕಾಣಿಸಿಕೊಂಡ ಮೇಲೆ ನೀರನ್ನು ನಿಧಾನವಾಗಿ ಹೆಚ್ಚಿಸಬೇಕು. ಕಾಲುವೆ ನೀರಿನ ಸವಳು ನೆಲದಲ್ಲಿ ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಕಾಣುವುದುಂಟು. ಅದು ಕಬ್ಬಿಣದ ಕೊರತೆ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ ಕಲಸಿ ಎಲೆಗೆ ಸಿಂಪಡಿಸಿದರೆ ಸುಧಾರಿಸುತ್ತದೆ. ಚಳಿಗಾಲದಲ್ಲೂ ಮನೆಯಲ್ಲಿ ಹೂ ಬೇಕೆನ್ನುವವರು ಹಿತ್ತಲಲ್ಲಿ ಎರಡು ಕಾಕಡಾ ಗಿಡ ಇಟ್ಟುಕೊಳ್ಳಿ. ವಾಸನೆ ಕಡಿಮೆ, ಆದರೆ ಮಲ್ಲಿಗೆ ಮಲಗಿದಾಗ ಅದು ಎಚ್ಚರವಿರುತ್ತದೆ.

ಒಂದು ಎಚ್ಚರಿಕೆ. ಈಗ ಹೇಳಿದ ನೀರು ನಿಲ್ಲಿಸುವುದು, ಕತ್ತರಿಸುವುದು ಎಲ್ಲ ಬೆಳೆದ ಗಿಡಕ್ಕೆ. ಇವತ್ತು ಮುಂಜಾನೆ ನೆಟ್ಟ ಸಸಿಗಳಿಗೆ ಈ ವರ್ಷ ಕತ್ತರಿ ತಾಗಿಸಬಾರದು, ನೀರೂ ತಪ್ಪಿಸಬಾರದು.

ಗುಲಾಬಿಗೆ ನಮ್ಮ ಕಡೆ ಮಳೆ ನಿಂತ ಮೇಲೆ, ಅಕ್ಟೋಬರ್ ನವೆಂಬರ್‌ನಲ್ಲಿ ಸವರುವುದು ರೂಢಿ. ಸವರಿದ ಒಂದೂವರೆ ಎರಡು ತಿಂಗಳಿಗೆ ಹೂ ಬರುತ್ತದೆ. ಪೆನ್ಸಿಲ್ಲಿನಷ್ಟು ದಪ್ಪದ ಗಟ್ಟಿ ಕಡ್ಡಿಗಳನ್ನು ಉಳಿಸಿ, ಹೊರಮುಖವಾಗಿರುವ ಕಣ್ಣಿನ ತುಸು ಮೇಲೆ ಓರೆಯಾಗಿ ಕತ್ತರಿಸಬೇಕು. ಓರೆ ಇದ್ದರೆ ಇಬ್ಬನಿ ನಿಲ್ಲದೆ ಜಾರುತ್ತದೆ. ಹೊರಗಿನ ಕಣ್ಣು ಚಿಗುರಿದರೆ ಗಿಡ ಬಟ್ಟಲಿನ ಹಾಗೆ ಅರಳಿಕೊಳ್ಳುತ್ತದೆ. ಕಣ್ಣು ಕಸಿ ಮಾಡಿದ ಗಂಟಿನ ಕೆಳಗಿನಿಂದ ಬರುವ ಚಿಗುರನ್ನು ಕಂಡ ಕೂಡಲೇ ಕಿತ್ತುಹಾಕಬೇಕು. ಅದು ಕಾಡು ಗುಲಾಬಿ, ಬಿಟ್ಟರೆ ಎರಡೇ ವರ್ಷದಲ್ಲಿ ಮೂಲ ಗಿಡವನ್ನೇ ನುಂಗುತ್ತದೆ.

ಚಳಿಗಾಲದಲ್ಲಿ ಗುಲಾಬಿಯ ಶತ್ರು ಬೂದಿ ರೋಗ. ಹಗಲು ಒಣಹವೆ, ರಾತ್ರಿ ತಂಪು, ಇದು ಬೂದಿ ರೋಗಕ್ಕೆ ಹೇಳಿ ಮಾಡಿಸಿದ ಕಾಲ. ಎಳೆ ಎಲೆಯ ಮೇಲೆ ಹಿಟ್ಟು ಉದುರಿಸಿದ ಹಾಗೆ ಕಾಣುತ್ತದೆ. ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ 2-3 ಗ್ರಾಂ ಹಾಕಿ ಸಿಂಪಡಿಸಬೇಕು, ಬಿಸಿಲೇರಿದಾಗ ಸಿಂಪಡಿಸಬಾರದು. ನೀರನ್ನು ಮುಂಜಾನೆ ಬುಡಕ್ಕೆ ಹಾಕಿ. ಸಂಜೆ ಹಾಕಿದರೆ ರಾತ್ರಿಯಿಡೀ ಬುಡ ತಣ್ಣಗೆ ನೆನೆದಿರುತ್ತದೆ, ಬೇರಿಗೆ ಒಳ್ಳೆಯದಲ್ಲ.

ದಾಸವಾಳಕ್ಕೆ ಈ ಚಳಿಯಲ್ಲಿ ದೊಡ್ಡ ಕತ್ತರಿ ಬೇಡ, ಒಣಗಿದ್ದನ್ನಷ್ಟೇ ತೆಗೆಯಿರಿ. ಶಿವರಾತ್ರಿಗೆ ಚಳಿ ಶಿವ ಶಿವಾ ಎನ್ನುತ್ತಾ ಹೋದ ಮೇಲೆ ಸವರಿದರೆ ಸಾಕು. ಅದಕ್ಕೆ ಬರುವ ಬಿಳಿ ಹಿಟ್ಟು ತಿಗಣೆಯನ್ನು ಮೊದಲು ನೀರು ರಭಸವಾಗಿ ಹೊಡೆದು ಉದುರಿಸಿ, ಆಮೇಲೆ ಲೀಟರಿಗೆ 5 ಮಿ.ಲೀ. ಬೇವಿನೆಣ್ಣೆಗೆ ಚೂರು ಸಾಬೂನು ಸೇರಿಸಿ ಸಿಂಪಡಿಸಿ. ಇರುವೆ ಸಾಲು ಕಂಡಲ್ಲಿ ಹಿಟ್ಟು ತಿಗಣೆ ಇದೆಯೆಂದು ತಿಳಿಯಿರಿ. ಅದರ ಸಿಹಿ ಅಂಟಿಗೆ ಇರುವೆ ಬರುತ್ತದೆ, ಬಂದು ಅದನ್ನೇ ಕಾಯುತ್ತದೆ. ನಮ್ಮ ಅಬ್ಬಲಿ, ಅಂದರೆ ಕನಕಾಂಬರ, ಚಳಿಗೆ ಮುದುಡುವ ಗಿಡ. ಬಿಸಿಲು ಬೀಳುವ ಗೋಡೆಯ ಪಕ್ಕ ಇದ್ದರೆ ಸುಖವಾಗಿರುತ್ತದೆ, ನೀರು ಕಡಿಮೆ ಸಾಕು. ಸೇವಂತಿಗೆ ಹೂ ಮುಗಿದ ಮೇಲೆ ನೆಲದಿಂದ ನಾಲ್ಕು ಬೆರಳು ಬಿಟ್ಟು ಕತ್ತರಿಸಿದರೆ ಬುಡದಿಂದ ಮರಿಗಳು ಏಳುತ್ತವೆ. ಬೇಸಿಗೆಯಲ್ಲಿ ಅವನ್ನು ನೆರಳಿನಲ್ಲಿ ಕಾಯ್ದುಕೊಂಡರೆ ಮಳೆಗಾಲಕ್ಕೆ ಹೊಸ ಸಸಿ ಕೊಳ್ಳಬೇಕಿಲ್ಲ.

ಸುಗಂಧರಾಜದ ಎಲೆ ಚಳಿಗೆ ಒಣಗುತ್ತದೆ, ಗಡ್ಡೆ ಒಳಗೆ ಜೀವಂತ ಇರುತ್ತದೆ. ದೇವಕಣಗಿಲವಂತೂ ಎಲೆಯನ್ನೆಲ್ಲ ಉದುರಿಸಿ ಬೋಳಾಗಿ ನಿಲ್ಲುತ್ತದೆ. ಸತ್ತಿದೆ ಎಂದು ತಿಳಿದು ಕಿತ್ತೆಸೆಯುವವರನ್ನು ನಾನು ನೋಡಿದ್ದೇನೆ. ಉಗುರಿನಿಂದ ತೊಗಟೆಯನ್ನು ಎಳ್ಳಷ್ಟು ಕೆರೆದು ನೋಡಿ. ಒಳಗೆ ಹಸಿರಿದ್ದರೆ ಅದು ಮಲಗಿದೆ ಅಷ್ಟೇ. ನೀರು ಸುರಿದು ಎಬ್ಬಿಸಲು ಹೋದರೆ ಬೇರು ಕೊಳೆಯುತ್ತದೆ. ಅದರ ಹಾಲು ಕಣ್ಣಿಗೆ ತಾಗದಂತೆ ಮಕ್ಕಳು ಜಾಗ್ರತೆ ವಹಿಸಬೇಕು. ಗುಲಾಬಿ ಬಣ್ಣದ ಕಣಗಿಲವನ್ನು ನಾವು ಬೇಕೆಂದೇ ತಂದಿಲ್ಲ. ಅದರ ಬೇರು, ಎಲೆ, ಹೂ ಎಲ್ಲವೂ ವಿಷ, ಮಕ್ಕಳಿರುವ ಅಂಗಳಕ್ಕೆ ಬೇಡ.

ಇನ್ನು ನೆಲದ ಮಾತು. ಎರಿ ಮಣ್ಣು ಚಳಿಗಾಲದ ಒಣಗಾಳಿಗೆ ಬಿರಿಯುತ್ತದೆ, ಬಿರಿದಾಗ ಎಳೆಬೇರು ಹರಿಯುತ್ತದೆ. ಇದಕ್ಕೆ ಔಷಧಿ ನಮ್ಮಲ್ಲೇ ರಾಶಿ ಬಿದ್ದಿದೆ, ಕಬ್ಬಿನ ರವದಿ. ಕಾರ್ಖಾನೆಗಳು ಕಬ್ಬು ನುರಿಸುವ ಈ ದಿನಗಳಲ್ಲೇ ಹೊಲ ಹೊಲದಲ್ಲಿ ರವದಿಗೆ ಬೆಂಕಿ ಇಡುತ್ತೇವೆ. ನಾಲ್ಕು ಹೊರೆ ಇಲ್ಲಿಗೆ ತಂದುಕೊಡಿ. ಗಿಡದ ಸುತ್ತ ಒಂದು ಗೇಣು ದಪ್ಪ ಹಾಸಿ, ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಜಾಗ ಬಿಟ್ಟರೆ ಹಸಿ ಉಳಿಯುತ್ತದೆ, ಕಳೆ ಏಳುವುದಿಲ್ಲ, ಮುಂದಿನ ವರ್ಷಕ್ಕೆ ಅದೇ ಗೊಬ್ಬರ. ಗೆದ್ದಲು ಕಂಡರೆ ಬೇವಿನ ಹಿಂಡಿ ಕಲಸಿ. ಹೆಚ್ಚಿನ ಮಾಹಿತಿ ಬೇಕಾದರೆ ಅರಭಾವಿಯಲ್ಲಿ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಕಾಲೇಜು ಇದೆ, ತುಕ್ಕಾನಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಬೆಂಗಳೂರಿನವರು ಮೊಬೈಲಿನಲ್ಲಿ ಹುಡುಕುವ ವಿದ್ಯೆ ನಮಗೆ ಬಸ್ಸಿನ ದಾರಿಯಲ್ಲೇ ಸಿಗುತ್ತದೆ.

ಇಲ್ಲಿ 2019ರ ಮಾತು ಹೇಳಲೇಬೇಕು. ಆ ಆಗಸ್ಟ್ ತಿಂಗಳಲ್ಲಿ ಘಟಪ್ರಭೆ ಉಕ್ಕಿ ಬಂದದ್ದನ್ನು ಇಲ್ಲಿರುವ ಯಾರೂ ಮರೆತಿಲ್ಲ. ನಮ್ಮ ಹಿತ್ತಲಲ್ಲಿ ಎರಡು ದಿನ ನೀರು ನಿಂತಿತ್ತು. ಇಳಿದ ಮೇಲೆ ನೋಡಿದರೆ 18 ಗಿಡಗಳ ಬುಡದಲ್ಲೂ ಮೊಳದಷ್ಟು ರಾಡಿ. ಅವ್ವ ಮೊದಲು ಮಾಡಿದ್ದು ಕಾಂಡದ ಸುತ್ತಲಿನ ರಾಡಿ ತೆಗೆದು ಬೇರಿಗೆ ಗಾಳಿ ಆಡುವಂತೆ ಮಾಡಿದ್ದು. ಗೊಬ್ಬರ ಹಾಕೋಣ ಎಂದು ನಾನು ಫೋನಿನಲ್ಲಿ ಅಂದರೆ, "ಜ್ವರ ಬಂದಾವಗ ಹೋಳಿಗಿ ಉಣಿಸ್ತಾರೇನು?" ಎಂದಳು. ಏಳು ಗಿಡ ಸತ್ತವು, ಹನ್ನೊಂದು ಉಳಿದವು. ಆ ಡಿಸೆಂಬರ್‌ನಲ್ಲಿ ಅವಳು ನೀರು ನಿಲ್ಲಿಸಲಿಲ್ಲ, ಗಿಡ್ಡ ಕತ್ತರಿಸಲೂ ಇಲ್ಲ. ಬೇರು ಅರ್ಧ ಹೋದ ಗಿಡಕ್ಕೆ ಉಪವಾಸ ಹಾಕಬಾರದು ಎಂಬುದು ಅವಳ ಲೆಕ್ಕ. ಒಣಕಡ್ಡಿ ಮಾತ್ರ ತೆಗೆದು, ರವದಿ ಹಾಸಿ ಬಿಟ್ಟಳು.

2020ರ ಮಾರ್ಚ್‌ಗೆ ಹನ್ನೊಂದೂ ಗಿಡ ಮೊಗ್ಗು ಬಿಟ್ಟವು. ಅದೇ ತಿಂಗಳು ಲಾಕ್‌ಡೌನ್ ಆಯಿತು. ಬಸ್ ಇಲ್ಲ, ಗುಡಿ ಬಾಗಿಲು ತೆರೆಯಲಿಲ್ಲ, ಮದುವೆಗಳು ಮುಂದೆ ಹೋದವು. ಹೂ ಬಂತು, ಕೊಳ್ಳುವವರಿಲ್ಲ. ಆದರೂ ಅವ್ವ ದಿನಾ ಬಿಡಿಸಿ ಕಟ್ಟಿ ಓಣಿಯ ಹೆಣ್ಣುಮಕ್ಕಳಿಗೆ ಹಂಚಿದಳು. "ಬಜಾರ ಬಂದ್ ಆಗೇತಿ ಅಂತ ಗಿಡಕ್ಕೇನ ಗೊತ್ತು?" ಎನ್ನುತ್ತಿದ್ದಳು. ಆ ವರ್ಷ ನಮ್ಮ ಮನೆಗೆ ಹೂವಿನಿಂದ ಒಂದು ರೂಪಾಯಿಯೂ ಬರಲಿಲ್ಲ. ಆ ವರ್ಷದ ಛಟ್ಟಿ ಅಮಾವಾಸ್ಯೆಗೂ ಅವಳು ನೀರು ನಿಲ್ಲಿಸಿದಳು, ಎಳ್ಳ ಅಮಾವಾಸ್ಯೆಯ ಒಳಗೆ ಕತ್ತರಿ ಹಾಕಿದಳು. ನಾನು ಮನೆಯಿಂದಲೇ ಕೆಲಸ ಮಾಡುತ್ತಾ ಕಿಟಕಿಯಿಂದ ಅದನ್ನು ನೋಡುತ್ತಿದ್ದೆ. ಫಲ ಬಂದರೂ ಬರದಿದ್ದರೂ ಆ ಹೊತ್ತಿನ ಕೆಲಸ ಆ ಹೊತ್ತಿಗೆ ಆಗಬೇಕು ಎಂಬುದನ್ನು ನಾನು ಯಾವ ಕಾಲೇಜಿನಲ್ಲೂ ಅಷ್ಟು ಸ್ಪಷ್ಟವಾಗಿ ಕಲಿಯಲಿಲ್ಲ. ಈಗ ಆ ಹಿತ್ತಲಲ್ಲಿ ಮತ್ತೆ ಹದಿನೆಂಟು ಗಿಡಗಳಿವೆ. ಏಳನ್ನು ಉಳಿದವುಗಳ ಕಡ್ಡಿಯಿಂದಲೇ ಮಾಡಿಕೊಂಡಳು.

ಕೊನೆಯದಾಗಿ, ನಮ್ಮ ಶಾಲೆಯ 50 ಗಿಡಗಳ ವ್ಯವಸ್ಥೆ. ನನ್ನ ಸಲಹೆಗಳನ್ನು ಮುಖ್ಯೋಪಾಧ್ಯಾಯರಿಗೂ ಎಸ್‌ಡಿಎಂಸಿಯವರಿಗೂ ಒಪ್ಪಿಸುತ್ತಿದ್ದೇನೆ.

ಒಂದು, ಗಿಡಗಳನ್ನು ಎಂಟನೆಯ ತರಗತಿಯವರ ಕೈಗೆ ಕೊಡಿ. ಒಂದು ಗಿಡಕ್ಕೆ ಇಬ್ಬರು. ಹತ್ತನೆಯ ತರಗತಿ ಮುಗಿಯುವಷ್ಟರಲ್ಲಿ ಅವರು ಮೂರು ಚಳಿಗಾಲ ನೋಡಿರುತ್ತಾರೆ. ಹೋಗುವಾಗ ಹೊಸ ಎಂಟನೆಯ ತರಗತಿಯವರಿಗೆ ಕಲಿಸಿ ಹೋಗಬೇಕು.

ಎರಡು, ನೀರು. ಸಸಿಯೊಂದಕ್ಕೆ ದಿನ ಬಿಟ್ಟು ದಿನ 5 ಲೀಟರ್ ಎಂದರೆ ಒಟ್ಟು 250 ಲೀಟರ್. ಬಿಸಿಯೂಟದ ಮೊದಲು ಮಕ್ಕಳು ಕೈ ತೊಳೆಯುವ ಮತ್ತು ತಟ್ಟೆ ಜಾಲಿಸುವ ನೀರನ್ನು ಒಂದು ತೊಟ್ಟಿಗೆ ತಿರುಗಿಸಿದರೆ ಇದರಲ್ಲಿ ಬಹುಪಾಲು ಸಿಗುತ್ತದೆ. ಸಾಬೂನಿನ ನೀರನ್ನೂ ಎಣ್ಣೆ, ಉಪ್ಪಿನ ನೀರನ್ನೂ ಬೇರೆ ಬಿಡಬೇಕು.

ಮೂರು, ಬೇಸಿಗೆ ರಜೆ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಶಾಲೆಯಲ್ಲಿ ಯಾರೂ ಇರುವುದಿಲ್ಲ, ಬಿಸಿಲು ಮಾತ್ರ ಇರುತ್ತದೆ. ಸಸಿಗಳು ಸಾಯುವುದು ಆಗಲೇ. ಆ ಎರಡು ತಿಂಗಳು ನೀರು ಹಾಕುವ ಒಬ್ಬರ ಕೂಲಿಯನ್ನು ಮುಂದಿನ ಮೂರು ವರ್ಷ ನಮ್ಮ 2004ರ ಬ್ಯಾಚಿನವರು ಕೊಡುತ್ತೇವೆ. ಇದನ್ನು ವೇದಿಕೆಗೆ ಬರುವ ಮುಂಚೆ ಗೆಳೆಯರೊಂದಿಗೆ ಕುಳಿತು ಮಾತಾಡಿ ಆಗಿದೆ. ನಾಲ್ಕನೆಯ ವರ್ಷದಿಂದ ಬೇರೆ ಬ್ಯಾಚಿನವರು ಸರದಿ ಹಿಡಿಯಬೇಕು.

ನಾಲ್ಕು, ಒಂದು ನೋಟ್‌ಬುಕ್. ಇದಕ್ಕೆ ಆ್ಯಪ್ ಮಾಡಿಕೊಡು ಎಂದು ಒಬ್ಬ ಗೆಳೆಯ ಕೇಳಿದ. ಬೇಡ. ನೂರು ಪುಟದ ನೋಟ್‌ಬುಕ್ ಸಾಕು. ಯಾವ ದಿನ ನೀರು ನಿಲ್ಲಿಸಿದೆವು, ಯಾವ ದಿನ ಕತ್ತರಿಸಿದೆವು, ಯಾವ ದಿನ ಮೊದಲ ಮೊಗ್ಗು ಕಂಡಿತು ಎಂದು ಮಕ್ಕಳು ಬರೆದಿಡಲಿ. ಹತ್ತು ವರ್ಷ ಬರೆದರೆ ಅದು ಈ ಊರಿನ ನೆಲಕ್ಕೇ ಸಂಬಂಧಿಸಿದ ಪುಸ್ತಕವಾಗುತ್ತದೆ. ಅಂಥ ಪುಸ್ತಕ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಐದು, ಗಿಡದ ಮುಂದೆ ಫಲಕ ಹಾಕುವುದಾದರೆ ಕೊಟ್ಟವರ ಹೆಸರು ಬೇಡ, ನೋಡಿಕೊಳ್ಳುವ ಇಬ್ಬರು ಮಕ್ಕಳ ಹೆಸರು ಬರೆಯಿರಿ.

ಬರುವ ಶಿವರಾತ್ರಿಗೆ ಈ ಸಸಿಗಳಲ್ಲಿ ಹೂ ಹುಡುಕಬೇಡಿ. ಈ ಬೇಸಿಗೆಗೆ ಅವು ಬದುಕಿದ್ದರೆ ಸಾಕು. ಮುಂದಿನ ಚಳಿಗಾಲದಲ್ಲಿ ಗಟ್ಟಿಯಾಗಿ ಬೆಳೆದವನ್ನು ಹಗುರಾಗಿ ಸವರೋಣ. ಕತ್ತರಿ ಹಿಡಿಯುವುದನ್ನು ಮಕ್ಕಳಿಗೆ ಕಲಿಸಲು ಅವ್ವ ಒಂದು ದಿನ ಬರುವುದಾಗಿ ಒಪ್ಪಿದ್ದಾಳೆ. ಊರಿನಲ್ಲಿ ಈ ಕೆಲಸ ಬಲ್ಲ ತಾಯಂದಿರು ಇನ್ನೂ ಬಹಳ ಜನ ಇದ್ದೀರಿ, ನೀವೂ ಬನ್ನಿ. ಶಾಲೆಗೆ ಬರಲು ಸಂಕೋಚ ಬೇಡ, ಆ ದಿನ ನೀವೇ ಇಲ್ಲಿನ ಗುರುಗಳು.